ಉಯಿಲು ಬರೆದರೆ ಸಾಲದು, ರುಜುವಾಗಬೇಕು
ವರ್ತಕರು ಹಾಗೂ ಸಣ್ಣ ಉದ್ದಿಮೆದಾರರು ತಿಳಿದಿರಬೇಕಾದ ಪ್ರೊಬೇಟ್ ಪ್ರಕ್ರಿಯೆ

ವ್ಯಾಪಾರಸ್ಥರಾದ ನಾವು ದಿನದ ಕೊನೆಗೆ ಲೆಕ್ಕ ಮುಗಿಸದೆ ಅಂಗಡಿಯ ಬಾಗಿಲು ಹಾಕುವುದಿಲ್ಲ. ಆದರೆ ಒಂದು ಜೀವಮಾನದ ಲೆಕ್ಕವನ್ನು ಮುಂದಿನ ತಲೆಮಾರಿಗೆ ಒಪ್ಪಿಸುವ ವಿಷಯದಲ್ಲಿ ಅಷ್ಟೇ ಎಚ್ಚರ ವಹಿಸುವವರು ವಿರಳ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಮಾರುಕಟ್ಟೆಗಳಲ್ಲಿ ಇಂದಿಗೂ ಬಹುಪಾಲು ವಹಿವಾಟು ಒಬ್ಬ ಹಿರಿಯರ ಹೆಸರಿನಲ್ಲಿಯೇ ನಡೆಯುತ್ತದೆ. ಅಡಿಕೆ ಮಂಡಿ, ಕೊಬ್ಬರಿ ವ್ಯಾಪಾರ, ಶೇಂಗಾ ಎಣ್ಣೆ ಗಿರಣಿ, ಹತ್ತಿ ಜಿನ್ನಿಂಗ್ ಕಾರ್ಖಾನೆ ಯಾವುದೇ ಇರಲಿ, ಪರವಾನಗಿ, ಬ್ಯಾಂಕ್ ಸಾಲ, ಗೋದಾಮಿನ ಖಾತೆ, ಹೊರಬಾಕಿ ಎಲ್ಲವೂ ಅವರದೇ ಹೆಸರಿನಲ್ಲಿರುತ್ತವೆ. ಆ ಹಿರಿಯರು ಕಾಲವಾದ ಮರುದಿನದಿಂದಲೇ ಪ್ರಶ್ನೆಗಳು ಎದುರಾಗುತ್ತವೆ.

"ನಮ್ಮ ಯಜಮಾನರು ಉಯಿಲು ಬರೆದಿಟ್ಟಿದ್ದಾರೆ, ಅದೂ ರಿಜಿಸ್ಟರ್ ಆಗಿದೆ, ಇನ್ನು ಚಿಂತೆಯಿಲ್ಲ" ಎಂಬ ಮಾತನ್ನು ನಾವು ಆಗಾಗ ಕೇಳುತ್ತೇವೆ. ಈ ಸಮಾಧಾನ ಅರ್ಧ ಮಾತ್ರ ಸರಿ. ಉಯಿಲು ಅಥವಾ ಮರಣಶಾಸನವು ಬರೆದವರು ಜೀವಂತವಿರುವವರೆಗೆ ಒಂದು ಕಾಗದ ಮಾತ್ರ. ಅವರ ಮರಣಾನಂತರ ಅದು ಜಾರಿಗೆ ಬರುತ್ತದೆ. ಆಗ ಅದನ್ನು ಬರೆದವರು "ಹೌದು, ಇದು ನನ್ನದೇ" ಎಂದು ಹೇಳಲು ಇರುವುದಿಲ್ಲ. ಆದುದರಿಂದಲೇ ಕ್ರಯಪತ್ರ, ದಾನಪತ್ರಗಳಿಗಿಂತ ಹೆಚ್ಚಿನ ಎಚ್ಚರದಿಂದ ನ್ಯಾಯಾಲಯಗಳು ಉಯಿಲನ್ನು ಪರಿಶೀಲಿಸುತ್ತವೆ. ಈ ಪರಿಶೀಲನೆಯ ಕ್ರಮವನ್ನು ಸದಸ್ಯ ಬಾಂಧವರ ಅವಗಾಹನೆಗೆ ತರುವುದು ಈ ಲೇಖನದ ಉದ್ದೇಶ.

ಉಯಿಲಿಗೆ ಬೇಕಾದ ಲಕ್ಷಣಗಳು

ಉಯಿಲುಗಳಿಗೆ ಸಂಬಂಧಿಸಿದ ಮುಖ್ಯ ಕಾನೂನು 1925ರ ಭಾರತೀಯ ಉತ್ತರಾಧಿಕಾರ ಅಧಿನಿಯಮ. ಅದರ 59ನೆಯ ಕಲಮಿನ ಪ್ರಕಾರ ಪ್ರಾಪ್ತ ವಯಸ್ಕರಾದ, ಸ್ವಸ್ಥ ಚಿತ್ತವುಳ್ಳ ಯಾರು ಬೇಕಾದರೂ ಉಯಿಲು ಬರೆಯಬಹುದು. 63ನೆಯ ಕಲಮು ಉಯಿಲನ್ನು ಹೇಗೆ ಬರೆದುಕೊಡಬೇಕೆಂಬುದನ್ನು ಹೇಳುತ್ತದೆ. ಬರೆದವರು ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಬೇಕು. ಕನಿಷ್ಠ ಇಬ್ಬರು ಸಾಕ್ಷಿದಾರರು ಅವರು ಸಹಿ ಹಾಕುವುದನ್ನು ಕಂಡಿರಬೇಕು, ಇಲ್ಲವೇ ಅದು ತಮ್ಮದೇ ಸಹಿಯೆಂದು ಅವರು ಒಪ್ಪಿಕೊಂಡಿದ್ದನ್ನು ಕೇಳಿರಬೇಕು. ಪ್ರತಿಯೊಬ್ಬ ಸಾಕ್ಷಿದಾರನೂ ಉಯಿಲು ಬರೆದವರ ಸಮ್ಮುಖದಲ್ಲಿ ಸಹಿ ಮಾಡಿರಬೇಕು. ಸಾಕ್ಷಿದಾರರಿಬ್ಬರೂ ಒಂದೇ ಹೊತ್ತಿನಲ್ಲಿ ಹಾಜರಿರಬೇಕೆಂಬ ನಿರ್ಬಂಧ ಇಲ್ಲ.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ. ನೋಂದಣಿಯೂ ಕಡ್ಡಾಯವಲ್ಲ, 1908ರ ನೋಂದಣಿ ಅಧಿನಿಯಮದ 18ನೆಯ ಕಲಮು ಅದನ್ನು ಐಚ್ಛಿಕವಾಗಿರಿಸಿದೆ. ಇಷ್ಟವಿದ್ದವರು ಮುಚ್ಚಿದ ಲಕೋಟೆಯಲ್ಲಿ ಉಯಿಲನ್ನು ಜಿಲ್ಲಾ ನೋಂದಣಾಧಿಕಾರಿಗಳಲ್ಲಿ ಠೇವಣಿ ಇಡಲೂ ಅವಕಾಶವಿದೆ. ನೋಂದಣಿಯಿಂದ ಕಾಗದ ಕಳೆದುಹೋಗುವ ಅಥವಾ ತಿದ್ದುಪಡಿಯಾಗುವ ಭಯ ತಪ್ಪುತ್ತದೆ ಎಂಬುದು ನಿಜ. ಆದರೆ ನೋಂದಣಿಯಾದ ಮಾತ್ರಕ್ಕೆ ಉಯಿಲು ರುಜುವಾತಾದಂತಲ್ಲ. ಸಾಕ್ಷಿ ದೃಢೀಕರಣ ಬೇಕಾದ ದಸ್ತಾವೇಜನ್ನು ರುಜುವಾತುಪಡಿಸಲು ಕನಿಷ್ಠ ಒಬ್ಬ ಸಾಕ್ಷಿದಾರನನ್ನಾದರೂ ನ್ಯಾಯಾಲಯದಲ್ಲಿ ವಿಚಾರಿಸಬೇಕೆಂದು 1872ರ ಸಾಕ್ಷ್ಯ ಅಧಿನಿಯಮದ 68ನೆಯ ಕಲಮು ಹೇಳುತ್ತಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೆಯ ಕಲಮಿನಲ್ಲಿ ಅದೇ ನಿಯಮ ಮುಂದುವರಿದಿದೆ. ನೋಂದಾಯಿತ ದಸ್ತಾವೇಜುಗಳಿಗೆ ಇರುವ ವಿನಾಯಿತಿಯಿಂದ ಉಯಿಲನ್ನು ಕಾನೂನು ಬುದ್ಧಿಪೂರ್ವಕವಾಗಿ ಹೊರಗಿಟ್ಟಿದೆ.

ಮೈಸೂರಿನಿಂದ ಹೊರಟು ದೇಶಕ್ಕೇ ಮಾದರಿಯಾದ ತೀರ್ಪು

ಉಯಿಲಿನ ರುಜುವಾತಿನ ಬಗ್ಗೆ ಭಾರತದ ಯಾವ ನ್ಯಾಯಾಲಯದಲ್ಲಿ ವಾದ ನಡೆದರೂ ಉಲ್ಲೇಖವಾಗುವ ತೀರ್ಪೊಂದು ನಮ್ಮ ಹಳೆಯ ಮೈಸೂರು ರಾಜ್ಯದಿಂದಲೇ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದ ಪ್ರಕರಣದ್ದು ಎಂಬುದು ಗಮನಾರ್ಹ. ಎಚ್. ವೆಂಕಟಾಚಲ ಅಯ್ಯಂಗಾರ್ ವಿರುದ್ಧ ಬಿ.ಎನ್. ತಿಮ್ಮಾಜಮ್ಮ ಎಂಬ ಆ ಪ್ರಕರಣದಲ್ಲಿ 1945ರಲ್ಲಿ ಬರೆಯಲಾಗಿದ್ದ ಒಂದು ಉಯಿಲು ಪ್ರಶ್ನೆಗೊಳಗಾಗಿತ್ತು. ವಿಚಾರಣಾ ನ್ಯಾಯಾಲಯ ಅದನ್ನು ಒಪ್ಪಿತು. ಮೈಸೂರು ಉಚ್ಚ ನ್ಯಾಯಾಲಯ ತಿರಸ್ಕರಿಸಿತು. 1958ರ ನವೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಮೇಲ್ಮನವಿಯನ್ನು ವಜಾ ಮಾಡಿತು. ತೀರ್ಪು ಬರೆದವರು ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್.

ಆ ತೀರ್ಪಿನ ಸಾರವನ್ನು ನಮ್ಮ ಮಾತಿನಲ್ಲಿ ಹೀಗೆ ಹೇಳಬಹುದು: ಉಯಿಲನ್ನು ಮಂಡಿಸುವವರ ಮೇಲೆಯೇ ರುಜುವಾತಿನ ಹೊಣೆ ಇರುತ್ತದೆ. ಸಹಿ ಮತ್ತು ಸಾಕ್ಷಿಗಳು ಸರಿಯಾಗಿದ್ದರೂ ಉಯಿಲಿನ ಸುತ್ತ ಸಂಶಯಾಸ್ಪದ ಸನ್ನಿವೇಶಗಳಿದ್ದರೆ ಆ ಸಂಶಯವನ್ನು ಅವರೇ ನಿವಾರಿಸಬೇಕು. ಸಹಿ ನಡುಗಿದಂತಿರುವುದು, ಬರೆದವರ ಬುದ್ಧಿಶಕ್ತಿ ಕುಂದಿರುವುದು, ಹತ್ತಿರದ ಬಂಧುಗಳನ್ನು ಕಾರಣವಿಲ್ಲದೆ ಹೊರಗಿಟ್ಟಿರುವುದು, ಉಯಿಲಿನಿಂದ ಲಾಭ ಪಡೆಯುವವರೇ ಅದನ್ನು ಬರೆಸುವುದರಲ್ಲಿ ಮುಂದೆ ನಿಂತಿರುವುದು ಇಂಥ ಸನ್ನಿವೇಶಗಳು. ಇವುಗಳಿಗೆ ತೃಪ್ತಿಕರ ಉತ್ತರ ದೊರೆಯದಿದ್ದರೆ ವಿವೇಕಿಯಾದ ಯಾವ ವ್ಯಕ್ತಿಯೂ ಉಯಿಲನ್ನು ನಂಬಲಾರ, ನ್ಯಾಯಾಲಯವೂ ನಂಬುವುದಿಲ್ಲ. 2020ರ ಏಪ್ರಿಲ್‌ನಲ್ಲಿ ಕರ್ನಾಟಕದಿಂದಲೇ ಹೋದ ಶಿವಕುಮಾರ್ ವಿರುದ್ಧ ಶರಣಬಸಪ್ಪ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಇದೇ ಸೂತ್ರಗಳನ್ನು ಕ್ರೋಡೀಕರಿಸಿ, ಅಲ್ಲಿಯೂ ಉಯಿಲನ್ನು ಒಪ್ಪಲಿಲ್ಲ.

ಇದಕ್ಕೆ ಪ್ರತಿಯಾಗಿ ಉಯಿಲು ಉಳಿದುಕೊಂಡ ಉದಾಹರಣೆಯೂ ನಮ್ಮ ರಾಜ್ಯದ್ದೇ ಇದೆ. ಎಂ.ಬಿ. ರಮೇಶ್ ವಿರುದ್ಧ ಕೆ.ಎಂ. ವೀರಜೆ ಅರಸ್ ಪ್ರಕರಣದಲ್ಲಿ 1943ರ ಅಕ್ಟೋಬರ್ 24ರಂದು ಬರೆದು ಮರುದಿನವೇ ನೋಂದಾಯಿಸಿದ್ದ ಉಯಿಲನ್ನು ಸರ್ವೋಚ್ಚ ನ್ಯಾಯಾಲಯವು 2013ರಲ್ಲಿ ಎತ್ತಿಹಿಡಿಯಿತು. ನ್ಯಾಯಾಲಯಕ್ಕೆ ಬಂದಿದ್ದ ಒಬ್ಬ ಸಾಕ್ಷಿದಾರರು ಮತ್ತೊಬ್ಬ ಸಾಕ್ಷಿದಾರರು ಸಹಿ ಹಾಕಿದ ಬಗೆಯನ್ನು ಕಾನೂನಿನ ಮಾತುಗಳಲ್ಲಿ ಬಿಡಿಸಿ ಹೇಳಿರಲಿಲ್ಲ. ಆದರೂ ಬರೆಯುವಾಗ ಯಾರು ಯಾರು ಹಾಜರಿದ್ದರೆಂದು ಅವರು ಸ್ಪಷ್ಟವಾಗಿ ಹೇಳಿದ್ದರು. ಒಟ್ಟು ಸನ್ನಿವೇಶವನ್ನು ತೂಗಿ ನೋಡಿದ ನ್ಯಾಯಾಲಯ ಅದನ್ನು ಸಾಕೆಂದು ಪರಿಗಣಿಸಿತು. ಹಾಗೆಂದು ಎಲ್ಲ ಪ್ರಕರಣಗಳಲ್ಲಿಯೂ ಇಂಥ ಔದಾರ್ಯವನ್ನು ನಿರೀಕ್ಷಿಸಲಾಗದು. ಬಂದ ಒಬ್ಬ ಸಾಕ್ಷಿದಾರ ತನ್ನ ಸಹಿಯನ್ನಷ್ಟೇ ರುಜುವಾತುಪಡಿಸಿ, ಇನ್ನೊಬ್ಬನ ಸಹಿಯ ಬಗ್ಗೆ ಏನೂ ಹೇಳದಿದ್ದ ಕಾರಣಕ್ಕೆ 2002ರ ಜಾನಕಿ ನಾರಾಯಣ ಭೋಯಿರ್ ಪ್ರಕರಣದಲ್ಲಿ ಉಯಿಲು ಬಿದ್ದುಹೋಗಿತ್ತು.

ಪ್ರೊಬೇಟ್ ಎಂದರೇನು?

ಉಯಿಲು ನೈಜವಾದುದು, ಬರೆದವರ ಕಡೆಯ ಉಯಿಲು ಎಂದು ಸಕ್ಷಮ ನ್ಯಾಯಾಲಯವು ತನ್ನ ಮೊಹರಿನೊಡನೆ ದೃಢೀಕರಿಸಿ ಕೊಡುವ ಪ್ರತಿಯೇ ಪ್ರೊಬೇಟ್. ಉಯಿಲಿನಲ್ಲಿ ನಿರ್ವಾಹಕರಾಗಿ ನೇಮಕಗೊಂಡವರಿಗೆ ಮಾತ್ರ ಅದನ್ನು ಕೊಡಲಾಗುತ್ತದೆ. ನಿರ್ವಾಹಕರನ್ನು ಹೆಸರಿಸಿರದಿದ್ದರೆ, ಅಥವಾ ಹೆಸರಿಸಿದವರು ಒಪ್ಪದಿದ್ದರೆ, ಉಯಿಲನ್ನು ಲಗತ್ತಿಸಿದ ಆಡಳಿತಾಧಿಕಾರ ಪತ್ರಕ್ಕೆ ಅರ್ಜಿ ಹಾಕಬೇಕಾಗುತ್ತದೆ. ಪ್ರೊಬೇಟ್ ದೊರೆತರೆ ಅದು ಅರ್ಜಿದಾರ ಹಾಗೂ ಎದುರುದಾರರಿಗಷ್ಟೇ ಅಲ್ಲದೆ, ಮೃತರ ಸಾಲಗಾರರಿಗೂ ಅವರ ಆಸ್ತಿ ಯಾರ ವಶದಲ್ಲಿದೆಯೋ ಅವರಿಗೂ ಅನ್ವಯಿಸುತ್ತದೆ. ಪ್ರೊಬೇಟ್ ನೋಡಿ ಹಣ ಪಾವತಿಸಿದ ಬಾಕಿದಾರನಿಗೆ 273ನೆಯ ಕಲಮು ರಕ್ಷಣೆ ನೀಡುತ್ತದೆ.

ಆದರೆ ಅದರ ಮಿತಿಯನ್ನೂ ಅರಿತಿರಬೇಕು. ಪ್ರೊಬೇಟ್ ನ್ಯಾಯಾಲಯವು ಉಯಿಲಿನ ಸಾಚಾತನವನ್ನು ನಿರ್ಧರಿಸುತ್ತದೆಯೇ ಹೊರತು, ಅದರಲ್ಲಿ ಬರೆದ ಆಸ್ತಿ ನಿಜವಾಗಿ ಮೃತರದೇ ಆಗಿತ್ತೇ ಎಂಬ ಒಡೆತನದ ಪ್ರಶ್ನೆಯನ್ನು ನಿರ್ಧರಿಸುವುದಿಲ್ಲ. ಆ ಪ್ರಶ್ನೆಗೆ ಬೇರೆ ದಾವೆಯೇ ದಾರಿ.

ನಮ್ಮ ಜಿಲ್ಲೆಯಲ್ಲಿ ಪ್ರೊಬೇಟ್ ಕಡ್ಡಾಯವೇ?

ಈ ಬಗ್ಗೆ ವರ್ತಕರಲ್ಲಿ ಸಾಕಷ್ಟು ಗೊಂದಲವಿದೆ. ಅಧಿನಿಯಮದ 213ನೆಯ ಕಲಮು ಹಿಂದೂಗಳ ಉಯಿಲುಗಳ ಮಟ್ಟಿಗೆ ಹಳೆಯ ಬಂಗಾಳ ಪ್ರಾಂತ್ಯ ಹಾಗೂ ಮದರಾಸು, ಮುಂಬಯಿ ಉಚ್ಚ ನ್ಯಾಯಾಲಯಗಳ ಮೂಲ ಸಿವಿಲ್ ಅಧಿಕಾರ ವ್ಯಾಪ್ತಿಯ ನಗರಗಳಲ್ಲಿ ಬರೆದ ಉಯಿಲುಗಳಿಗೆ, ಅಥವಾ ಅಲ್ಲಿನ ಸ್ಥಿರಾಸ್ತಿಗೆ ಮಾತ್ರ ಪ್ರೊಬೇಟನ್ನು ಕಡ್ಡಾಯ ಮಾಡಿತ್ತು. ಚಿತ್ರದುರ್ಗವು ಮೈಸೂರು ಸಂಸ್ಥಾನದ ಭಾಗವಾಗಿದ್ದುದರಿಂದ ಇಲ್ಲಿನ ಆಸ್ತಿಗೆ ಇಲ್ಲಿಯೇ ಬರೆದ ಹಿಂದೂ ಉಯಿಲಿಗೆ ಅದು ಕಡ್ಡಾಯವಾಗಿರಲಿಲ್ಲ. ಮುಸ್ಲಿಮರ ಉಯಿಲುಗಳಿಗೆ ಆ ಕಲಮು ಅನ್ವಯಿಸುತ್ತಿರಲಿಲ್ಲ. 2002ರ ತಿದ್ದುಪಡಿಯಿಂದ ಭಾರತೀಯ ಕ್ರೈಸ್ತರಿಗೂ ವಿನಾಯಿತಿ ದೊರೆಯಿತು. ಮುಂಬಯಿಯಲ್ಲಿ ಗೋದಾಮು ಅಥವಾ ಮನೆ ಹೊಂದಿದ್ದ ನಮ್ಮ ಭಾಗದ ವರ್ತಕರ ಕುಟುಂಬಗಳಿಗೆ ಮಾತ್ರ ಇದು ತೊಡಕಾಗುತ್ತಿತ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಅಂಗೀಕರಿಸಿದ ರದ್ದಿಯಾತಿ ಮತ್ತು ತಿದ್ದುಪಡಿ ಶಾಸನದಿಂದ 213ನೆಯ ಕಲಮನ್ನೇ ಕೈಬಿಡಲಾಗಿದೆ.

ಕಡ್ಡಾಯ ತಪ್ಪಿತೆಂದರೆ ರುಜುವಾತು ತಪ್ಪಿತೆಂದು ಅರ್ಥವಲ್ಲ. ಪ್ರೊಬೇಟ್ ಪಡೆಯುವ ಅವಕಾಶ ಹಾಗೆಯೇ ಉಳಿದಿದೆ. ಪಡೆಯದಿದ್ದರೂ ವಿವಾದ ಎದ್ದ ದಿನ ಸಿವಿಲ್ ದಾವೆಯಲ್ಲಿ ಅದೇ ಸಾಕ್ಷಿ, ಅದೇ ಪಾಟೀ ಸವಾಲುಗಳನ್ನು ಎದುರಿಸಲೇಬೇಕು. ಸಾಕ್ಷಿದಾರರು ಬದುಕಿರುವಾಗಲೇ ಉಯಿಲನ್ನು ರುಜುವಾತುಪಡಿಸಿಕೊಳ್ಳುವುದು ಲೇಸೋ, ಇಪ್ಪತ್ತು ವರ್ಷಗಳ ನಂತರ ಮೊಮ್ಮಕ್ಕಳ ಕಾಲದಲ್ಲಿ ಹುಡುಕಾಡುವುದು ಲೇಸೋ ಎಂಬುದನ್ನು ಓದುಗರೇ ತೂಗಿ ನೋಡಬೇಕು. ಮೂವತ್ತು ವರ್ಷ ಹಳೆಯ ದಸ್ತಾವೇಜುಗಳಿಗೆ ಕಾನೂನಿನಲ್ಲಿರುವ ಸಾಚಾತನದ ಪೂರ್ವಭಾವನೆ ಉಯಿಲಿಗೆ ದೊರೆಯುವುದಿಲ್ಲ ಎಂಬುದನ್ನೂ ಮರೆಯಬಾರದು.

ಅರ್ಜಿಯಿಂದ ಆದೇಶದವರೆಗೆ

ಮೃತರು ಕೊನೆಗೆ ವಾಸವಾಗಿದ್ದ ಸ್ಥಳ, ಅಥವಾ ಅವರ ಯಾವುದಾದರೂ ಆಸ್ತಿ ಇರುವ ಸ್ಥಳ ಯಾವ ಜಿಲ್ಲಾ ನ್ಯಾಯಾಧೀಶರ ವ್ಯಾಪ್ತಿಗೆ ಸೇರುತ್ತದೆಯೋ ಅಲ್ಲಿ ಅರ್ಜಿ ಸಲ್ಲಿಸಬಹುದು. ನಮ್ಮ ರಾಜ್ಯದ ನ್ಯಾಯಾಲಯಗಳಲ್ಲಿ ಇಂಥ ಅರ್ಜಿಗಳನ್ನು 'ಪಿ ಅಂಡ್ ಎಸ್‌ಸಿ' ಎಂಬ ಶೀರ್ಷಿಕೆಯಲ್ಲಿ ದಾಖಲಿಸುತ್ತಾರೆ. ಪ್ರಕ್ರಿಯೆ ಸ್ಥೂಲವಾಗಿ ಹೀಗಿರುತ್ತದೆ.

ಮೊದಲನೆಯದಾಗಿ, 276ನೆಯ ಕಲಮಿನಂತೆ ಅರ್ಜಿಯಲ್ಲಿ ಮರಣದ ದಿನಾಂಕ, ಲಗತ್ತಿಸಿರುವುದೇ ಮೃತರ ಕಡೆಯ ಉಯಿಲು ಎಂಬ ಹೇಳಿಕೆ, ಅದು ವಿಧಿವತ್ತಾಗಿ ಬರೆಯಲ್ಪಟ್ಟಿದೆ ಎಂಬ ಹೇಳಿಕೆ, ಕೈಗೆ ಬರಬಹುದಾದ ಆಸ್ತಿಯ ಮೌಲ್ಯ ಹಾಗೂ ಅರ್ಜಿದಾರರೇ ನೇಮಿತ ನಿರ್ವಾಹಕರು ಎಂಬ ವಿವರಗಳಿರಬೇಕು. ಸಾಧ್ಯವಿದ್ದಲ್ಲಿ ಉಯಿಲಿನ ಒಬ್ಬ ಸಾಕ್ಷಿದಾರರೂ ಅರ್ಜಿಯನ್ನು ಪ್ರಮಾಣೀಕರಿಸಬೇಕು.

ಎರಡನೆಯದಾಗಿ, ನ್ಯಾಯಾಲಯವು ಹತ್ತಿರದ ಬಂಧುಗಳಿಗೆ ನೋಟೀಸು ಕಳುಹಿಸುತ್ತದೆ. ಹಿತಾಸಕ್ತಿಯುಳ್ಳವರೆಲ್ಲರೂ ಬಂದು ನೋಡಬಹುದೆಂಬ ಪ್ರಕಟಣೆಯನ್ನು ಹೊರಡಿಸಿ, ನ್ಯಾಯಾಲಯದಲ್ಲಿಯೂ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿಯೂ ಅಂಟಿಸುತ್ತದೆ. ದಿನಪತ್ರಿಕೆಯಲ್ಲಿ ಪ್ರಕಟಿಸಲೂ ಆದೇಶಿಸಬಹುದು. ಯಾರನ್ನಾದರೂ ಬೇಕೆಂದೇ ಬಿಟ್ಟು ಪ್ರೊಬೇಟ್ ಪಡೆದರೆ ಅದೇ ಕಾರಣಕ್ಕೆ 263ನೆಯ ಕಲಮಿನ ಪ್ರಕಾರ ಅದು ರದ್ದಾಗಬಹುದು. ಆದುದರಿಂದ ವಂಶವೃಕ್ಷವನ್ನು ಸಂಪೂರ್ಣವಾಗಿ ಕೊಡುವುದು ಅರ್ಜಿದಾರರಿಗೇ ಕ್ಷೇಮ.

ಮೂರನೆಯದಾಗಿ, ಆಕ್ಷೇಪಣೆ ಬಾರದಿದ್ದರೆ ಸಾಕ್ಷಿದಾರರ ಹೇಳಿಕೆ ಪಡೆದು ನ್ಯಾಯಾಲಯ ಆದೇಶ ನೀಡುತ್ತದೆ. ಆಕ್ಷೇಪಣೆ ಬಂದರೆ 295ನೆಯ ಕಲಮಿನಂತೆ ಪ್ರಕರಣವು ಸಿವಿಲ್ ದಾವೆಯ ಸ್ವರೂಪ ತಾಳುತ್ತದೆ. ಮರಣದ ನಂತರ 7 ದಿನ ಕಳೆಯುವವರೆಗೆ ಪ್ರೊಬೇಟನ್ನೂ, 14 ದಿನ ಕಳೆಯುವವರೆಗೆ ಆಡಳಿತಾಧಿಕಾರ ಪತ್ರವನ್ನೂ ನೀಡುವಂತಿಲ್ಲ.

ಕೊನೆಯದಾಗಿ, ಆಸ್ತಿಯ ಮೌಲ್ಯಕ್ಕೆ ತಕ್ಕಂತೆ ನ್ಯಾಯಾಲಯ ಶುಲ್ಕ ಸಲ್ಲಿಸಬೇಕು. ಪ್ರೊಬೇಟ್ ಪಡೆದ ನಿರ್ವಾಹಕರು 6 ತಿಂಗಳೊಳಗೆ ಆಸ್ತಿಯ ಪಟ್ಟಿಯನ್ನು, 1 ವರ್ಷದೊಳಗೆ ಲೆಕ್ಕವನ್ನು ನ್ಯಾಯಾಲಯಕ್ಕೆ ಒಪ್ಪಿಸಬೇಕು.

ಅರ್ಜಿಗೆ ಕಾಲಮಿತಿ ಇಲ್ಲವೆಂಬ ಭಾವನೆಯೂ ತಪ್ಪು. ಅರ್ಜಿ ಸಲ್ಲಿಸುವ ಹಕ್ಕು ಉಂಟಾದ ದಿನದಿಂದ 3 ವರ್ಷಗಳ ಕಾಲಮಿತಿ ಇದಕ್ಕೂ ಅನ್ವಯಿಸುತ್ತದೆ ಎಂದು ಸರ್ವೋಚ್ಚ ನ್ಯಾಯಾಲಯವು 2008ರ ಕುನ್ವರ್‌ಜೀತ್ ಸಿಂಗ್ ಖಂದ್‌ಪುರ್ ಪ್ರಕರಣದಲ್ಲಿ ಹೇಳಿದೆ. ಆ ಹಕ್ಕು ಮರಣದ ದಿನದಂದೇ ಉಂಟಾಗಬೇಕೆಂದಿಲ್ಲ. ಆದರೆ ತಡಮಾಡಿದಷ್ಟೂ ಸಂಶಯ ಹೆಚ್ಚುತ್ತದೆ.

ಬರಬೇಕಾದ ಬಾಕಿಯ ಗತಿ

ವರ್ತಕರಿಗೆ ಎಲ್ಲಕ್ಕಿಂತ ನೇರವಾಗಿ ತಟ್ಟುವ ವಿಷಯ ಇದು. ಒಂದು ಕಾಲ್ಪನಿಕ ನಿದರ್ಶನ ನೋಡೋಣ. ಹೊಳಲ್ಕೆರೆಯ ಅಡಿಕೆ ವರ್ತಕರೊಬ್ಬರು ಏಕಮಾಲೀಕತ್ವದಲ್ಲಿ ವಹಿವಾಟು ನಡೆಸುತ್ತಿದ್ದು, ಹೊರ ಊರಿನ ಖರೀದಿದಾರರಿಂದ 12 ಲಕ್ಷ ರೂಪಾಯಿ ಬರಬೇಕಾಗಿರುವಾಗಲೇ ಕಾಲವಾದರೆಂದು ಭಾವಿಸೋಣ. ಉಯಿಲಿನಲ್ಲಿ ವ್ಯಾಪಾರವನ್ನು ಮಗಳಿಗೆ ಬರೆದಿದ್ದಾರೆ. ಖರೀದಿದಾರರು ಹಣ ಕೊಡಲು ಹಿಂದೆಗೆದು, "ನೀವೇ ಹಕ್ಕುದಾರರೆಂಬುದಕ್ಕೆ ಏನು ಆಧಾರ?" ಎನ್ನುತ್ತಾರೆ. ಅಧಿನಿಯಮದ 214ನೆಯ ಕಲಮಿನ ಪ್ರಕಾರ ಪ್ರೊಬೇಟ್, ಆಡಳಿತಾಧಿಕಾರ ಪತ್ರ ಅಥವಾ ಉತ್ತರಾಧಿಕಾರ ಪ್ರಮಾಣ ಪತ್ರಗಳಲ್ಲಿ ಒಂದನ್ನು ಹಾಜರುಪಡಿಸದೆ ಮೃತರ ಬಾಕಿಗಾಗಿ ನ್ಯಾಯಾಲಯ ಡಿಕ್ರಿ ಕೊಡುವಂತಿಲ್ಲ. ಮಾರಿದ ಸರಕಿನ ಬೆಲೆ ವಸೂಲಿಗೆ ಇರುವ ಕಾಲಮಿತಿಯೋ 3 ವರ್ಷ. ಒಮ್ಮೆ ಓಡತೊಡಗಿದ ಆ ಗಡುವು ಮಾಲೀಕರ ಮರಣದಿಂದ ನಿಲ್ಲುವುದಿಲ್ಲ.

ಇದಕ್ಕೆ ಪರಿಹಾರವೂ ಆ ಕಲಮಿನಲ್ಲಿಯೇ ಇದೆ. ತಡೆ ಇರುವುದು ಡಿಕ್ರಿ ನೀಡುವುದಕ್ಕೆ, ದಾವೆ ಹೂಡುವುದಕ್ಕಲ್ಲ. ಗಡುವಿನೊಳಗೆ ದಾವೆ ಹೂಡಿ, ಡಿಕ್ರಿಗೆ ಮುನ್ನ ಪ್ರಮಾಣ ಪತ್ರವನ್ನು ಹಾಜರುಪಡಿಸಬಹುದು. ಪಾಲುದಾರಿಕೆ ಸಂಸ್ಥೆಯಾದರೆ ಉಳಿದ ಪಾಲುದಾರರು ಸಂಸ್ಥೆಯ ಹೆಸರಿನಲ್ಲಿಯೇ ಬಾಕಿ ವಸೂಲಿಯ ದಾವೆ ಹೂಡಬಹುದು. ಆದರೆ ಪಾಲುದಾರಿಕೆ ಪತ್ರದಲ್ಲಿ ಬೇರೆ ಷರತ್ತು ಇಲ್ಲದಿದ್ದರೆ ಒಬ್ಬ ಪಾಲುದಾರರ ಮರಣದಿಂದ ಸಂಸ್ಥೆಯೇ ವಿಸರ್ಜನೆಯಾಗುತ್ತದೆ ಎಂಬ 1932ರ ಅಧಿನಿಯಮದ 42ನೆಯ ಕಲಮನ್ನು ಗಮನದಲ್ಲಿಡಬೇಕು.

ಖಾತೆ, ಪರವಾನಗಿ, ನಾಮನಿರ್ದೇಶನ

ಉಯಿಲಿನ ಆಧಾರದ ಮೇಲೆ ಖಾತೆ ಅಥವಾ ಪಹಣಿ ಬದಲಾಯಿತೆಂದರೆ ಒಡೆತನ ಇತ್ಯರ್ಥವಾಯಿತೆಂದು ಹಲವರು ತಿಳಿಯುತ್ತಾರೆ. ಕಂದಾಯ ದಾಖಲೆ ತೆರಿಗೆಯ ಉದ್ದೇಶಕ್ಕೆ ಮಾತ್ರ. ಉಯಿಲಿನ ಬಗ್ಗೆ ತಕರಾರಿದ್ದಾಗ ಅದನ್ನು ತೀರ್ಮಾನಿಸಬೇಕಾದುದು ಸಿವಿಲ್ ನ್ಯಾಯಾಲಯವೇ ಹೊರತು ಕಂದಾಯ ಅಧಿಕಾರಿಗಳಲ್ಲ ಎಂದು ಸರ್ವೋಚ್ಚ ನ್ಯಾಯಾಲಯವು 2021ರಲ್ಲಿ ಜಿತೇಂದ್ರ ಸಿಂಗ್ ಪ್ರಕರಣದಲ್ಲಿ ಪುನರುಚ್ಚರಿಸಿದೆ.

ಬ್ಯಾಂಕ್ ಠೇವಣಿಯ ನಾಮನಿರ್ದೇಶನವೂ ಉಯಿಲಿಗೆ ಬದಲಿಯಲ್ಲ. ನಾಮನಿರ್ದೇಶಿತರು ಹಣವನ್ನು ಪಡೆದು ನಿಜವಾದ ಹಕ್ಕುದಾರರಿಗಾಗಿ ಹಿಡಿದಿಟ್ಟುಕೊಳ್ಳುವವರು ಮಾತ್ರ. ಕಂಪನಿ ಷೇರುಗಳ ವಿಷಯದಲ್ಲಿಯೂ ಇದೇ ನಿಯಮವೆಂದು 2023ರ ಡಿಸೆಂಬರ್‌ನ ಶಕ್ತಿ ಯೆಜ್ದಾನಿ ಪ್ರಕರಣದಲ್ಲಿ ತೀರ್ಪಾಗಿದೆ. 2025ರ ನವೆಂಬರ್ 1ರಿಂದ ಬ್ಯಾಂಕ್ ಠೇವಣಿಗೆ ನಾಲ್ವರವರೆಗೆ ನಾಮನಿರ್ದೇಶನ ಮಾಡುವ ಅವಕಾಶ ಬಂದಿದ್ದರೂ ಮೂಲ ತತ್ವ ಬದಲಾಗಿಲ್ಲ.

ಜಿಎಸ್‌ಟಿ ನೋಂದಣಿಯು ಮೃತರ ಪ್ಯಾನ್ ಸಂಖ್ಯೆಗೆ ಅಂಟಿಕೊಂಡಿರುವುದರಿಂದ ವ್ಯಾಪಾರ ಮುಂದುವರಿಸುವ ವಾರಸುದಾರರು ಹೊಸ ನೋಂದಣಿ ಪಡೆಯಬೇಕು. ಮೃತರ ಖಾತೆಯಲ್ಲಿ ಉಳಿದ ಹೂಡುವಳಿ ತೆರಿಗೆ ಜಮೆಯನ್ನು ಐಟಿಸಿ-02 ನಮೂನೆಯ ಮೂಲಕ ವರ್ಗಾಯಿಸಿಕೊಳ್ಳಬಹುದೆಂದು 2019ರ ಮಾರ್ಚ್ 28ರ ಸುತ್ತೋಲೆ ಸ್ಪಷ್ಟಪಡಿಸಿದೆ. ಹಳೆಯ ನೋಂದಣಿಯನ್ನು ರದ್ದುಗೊಳಿಸುವ ಮೊದಲೇ ಈ ವರ್ಗಾವಣೆಯ ಬಗ್ಗೆ ಲೆಕ್ಕಪರಿಶೋಧಕರೊಡನೆ ಸಮಾಲೋಚಿಸುವುದು ಒಳಿತು.

ಏನನ್ನು ಬರೆಯಬಹುದು, ಏನನ್ನು ಬರೆಯಲಾಗದು

ನಮ್ಮದಲ್ಲದುದನ್ನು ಉಯಿಲಿನಲ್ಲಿ ಕೊಡಲಾಗದು. ಸ್ವಯಾರ್ಜಿತ ಆಸ್ತಿಯನ್ನು ಹಿಂದೂ ಒಬ್ಬರು ಯಾರಿಗೆ ಬೇಕಾದರೂ ಬರೆಯಬಹುದು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಅವರಿಗಿರುವುದು ತಮ್ಮ ಭಾಗದ ಮೇಲಿನ ಹಕ್ಕು ಮಾತ್ರ. 2005ರ ತಿದ್ದುಪಡಿ ಹಾಗೂ 2020ರ ಆಗಸ್ಟ್ 11ರ ವಿನೀತಾ ಶರ್ಮಾ ತೀರ್ಪಿನ ನಂತರ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಾನ ಭಾಗಸ್ಥರು. ಇಡೀ ಪಿತ್ರಾರ್ಜಿತ ತೋಟವನ್ನು ಗಂಡುಮಕ್ಕಳಿಗಷ್ಟೇ ಬರೆದ ಉಯಿಲು ರುಜುವಾತಾದರೂ ಬರೆದವರ ಭಾಗಕ್ಕೆ ಮಾತ್ರ ಸಲ್ಲುತ್ತದೆ. ಮುಸ್ಲಿಂ ವೈಯಕ್ತಿಕ ಕಾನೂನಿನಂತೆ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಉಯಿಲಿನ ಮೂಲಕ ಕೊಡುವಂತಿಲ್ಲ. ಪಾಲುದಾರಿಕೆ ಸಂಸ್ಥೆಯ ಯಂತ್ರವನ್ನೋ ಗೋದಾಮನ್ನೋ ಒಬ್ಬ ಪಾಲುದಾರರು ತಮ್ಮದೆಂದು ಬರೆಯಲಾಗದು; ಅವರ ಪಾಲಿನ ಹಿತಾಸಕ್ತಿಯನ್ನಷ್ಟೇ ಬರೆಯಬಹುದು.

ವರ್ತಕ ಮಿತ್ರರಿಗೆ ಕೆಲವು ಸೂಚನೆಗಳು

ಸಾಕ್ಷಿದಾರರನ್ನು ಆರಿಸುವಾಗ ತಮಗಿಂತ ಕಿರಿಯರನ್ನು, ಊರಿನಲ್ಲಿಯೇ ನೆಲೆಸಿರುವವರನ್ನು, ನ್ಯಾಯಾಲಯಕ್ಕೆ ಬಂದು ನಿರ್ಭಯವಾಗಿ ನುಡಿಯಬಲ್ಲವರನ್ನು ಆರಿಸಿಕೊಳ್ಳಿ. ಉಪನೋಂದಣಾಧಿಕಾರಿಗಳ ಕಚೇರಿಯ ಬಾಗಿಲಲ್ಲಿ ಸಿಕ್ಕ ಅಪರಿಚಿತರ ಸಹಿ ಮುಂದೆ ಪ್ರಯೋಜನಕ್ಕೆ ಬಾರದು.

ಲಾಭ ಪಡೆಯುವ ಮಕ್ಕಳು, ಅಳಿಯಂದಿರು ಬರವಣಿಗೆಯ ಸಮಯದಲ್ಲಿ ದೂರವಿರಲಿ. ಅವರನ್ನು ಸಾಕ್ಷಿ ಹಾಕಿಸಬೇಡಿ.

ಒಬ್ಬರಿಗೆ ಕಡಿಮೆ ಕೊಡುವುದಾದರೆ ಅಥವಾ ಬಿಡುವುದಾದರೆ ಕಾರಣವನ್ನು ಎರಡು ಸಾಲಿನಲ್ಲಿಯಾದರೂ ನಮೂದಿಸಿ. ಮಗಳ ಮದುವೆಗೆ ಕೊಟ್ಟದ್ದು, ಹಿರಿಯ ಮಗನಿಗೆ ಅಂಗಡಿ ಹಾಕಿಸಿಕೊಟ್ಟದ್ದು ಕಾಗದದಲ್ಲಿ ಇದ್ದರೆ ಸಂಶಯಕ್ಕೆ ಎಡೆ ಕಡಿಮೆಯಾಗುತ್ತದೆ.

ವಯೋವೃದ್ಧರು ಅಥವಾ ಕಾಯಿಲೆಯವರು ಬರೆಯುವುದಾದರೆ ಅದೇ ದಿನದ ವೈದ್ಯರ ದೃಢೀಕರಣ ಪತ್ರ ಲಗತ್ತಿಸಿ. ಪ್ರತಿ ಪುಟಕ್ಕೂ ಸಹಿ ಹಾಕಿ. ಖಾಲಿ ಜಾಗ ಬಿಡಬೇಡಿ.

ನಂಬಿಕಸ್ತರೊಬ್ಬರನ್ನು ನಿರ್ವಾಹಕರಾಗಿ ಹೆಸರಿಸಿ, ಅವರಿಗೆ ಅನುಕೂಲವಾಗದಿದ್ದರೆ ಮತ್ತೊಬ್ಬರ ಹೆಸರನ್ನೂ ಸೂಚಿಸಿ. ಹೊಸ ಉಯಿಲು ಬರೆದರೆ ಹಿಂದಿನದು ರದ್ದೆಂದು ಸ್ಪಷ್ಟವಾಗಿ ಬರೆಯಿರಿ. ಬರಬೇಕಾದ ಹಾಗೂ ಕೊಡಬೇಕಾದ ಬಾಕಿಗಳ ಪಟ್ಟಿಯನ್ನು ವರ್ಷಕ್ಕೊಮ್ಮೆ, ದೀಪಾವಳಿಯ ಲೆಕ್ಕದ ಪೂಜೆಯ ಹೊತ್ತಿಗೆ, ನವೀಕರಿಸಿ ಇಡಿ.

ಪ್ರತಿಯೊಂದು ಕುಟುಂಬದ ಪರಿಸ್ಥಿತಿ ಭಿನ್ನವಾಗಿರುವುದರಿಂದ ಉಯಿಲು ಬರೆಯುವ ಹಾಗೂ ಅರ್ಜಿ ಸಲ್ಲಿಸುವ ಮುನ್ನ ತಮ್ಮ ವಕೀಲರ ಸಲಹೆ ಪಡೆಯುವುದು ಅವಶ್ಯ. ಬಹಳಷ್ಟು ವರ್ತಕರ ಮನೆಗಳಲ್ಲಿ ಅಣ್ಣತಮ್ಮಂದಿರ, ಅಕ್ಕತಂಗಿಯರ ಬಾಂಧವ್ಯ ಕೆಡುವುದು ಆಸ್ತಿಯ ಮೊತ್ತದಿಂದಲ್ಲ, ಅದನ್ನು ಕುರಿತ ಅನುಮಾನದಿಂದ. ಅನುಮಾನಕ್ಕೆ ಆಸ್ಪದವಿಲ್ಲದ ಉಯಿಲೊಂದನ್ನು ಆರೋಗ್ಯವಂತರಾಗಿರುವಾಗಲೇ ಬರೆದಿಟ್ಟರೆ ಮಕ್ಕಳ ಸಂಬಂಧವೂ ಉಳಿಯುತ್ತದೆ, ಅಂಗಡಿಯ ಬಾಗಿಲೂ ತೆರೆದಿರುತ್ತದೆ.